ನಾಲ್ಕು ಸೆಕೆಂಡಿನ ಮೌನ

ಭಾನುವಾರ, ಫೆಬ್ರವರಿ ೯

ಕಂಚುಗಂಠ ಎಂದೇ ನಾಡಿಗೆಲ್ಲ ಗೊತ್ತಿರುವ ಹಿರಿಯ ನಟರಿಗೆ, ಅವರ ಒಬ್ಬಳೇ ಮಗಳು ಬರೆಯುವುದು:

ಮೊದಲು ‘ಅಪ್ಪಾ’ ಎಂದು ಬರೆದಿದ್ದೆ. ಓದಿ ನೋಡಿದರೆ ಬೇರೆ ಯಾರದೋ ಮನೆಯ ಕಾಗದ ಒಡೆದ ಹಾಗೆ ಅನ್ನಿಸಿತು. ಹೊಸ ಹಾಳೆ ತೆಗೆದುಕೊಂಡೆ. ಹಾಳೆ ಹೋದರೆ ಹೋಗಲಿ, ಹಳೆಯ ಚಾಳಿ ಬಾರದಿರಲಿ.

ನಿಮ್ಮ ಪತ್ರ ಬಂತು. ಹನ್ನೊಂದು ವರ್ಷದ ಮೇಲೆ ಬಂದ ಪತ್ರ. ನನ್ನ ಆರೋಗ್ಯಕ್ಕೆ ಅರ್ಧ ಸಾಲು, ಅಮ್ಮನ ಆರೋಗ್ಯಕ್ಕೆ ಉಳಿದರ್ಧ, ಆಮೇಲೆ ಎರಡೂವರೆ ಪುಟ ನಿಮ್ಮ ಸನ್ಮಾನ. ನಾನು ಪಠ್ಯಪುಸ್ತಕದ ಅಚ್ಚುಕೂಟದಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿರುವವಳು. ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆ ಎಂಬುದೇ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.

ವಿಷಯ ತಿಳಿಯಿತು. ನೀವು ದನಿ ಮಾರಲು ಶುರು ಮಾಡಿ ಅರವತ್ತು ವರ್ಷವಾಯಿತೆಂದು ರೇಡಿಯೋ ಕೇಂದ್ರದವರು ನಿಮ್ಮ ಆ ಹೆಸರಾಂತ ನಾಟಕವನ್ನು ಮತ್ತೆ ಪ್ರಸಾರ ಮಾಡುತ್ತಾರೆ. ಮುನ್ನುಡಿ ನಿಮ್ಮದೇ ದನಿಯಲ್ಲಿ. ಕೇಂದ್ರದ ಪ್ರತಿ ಯಾವ ಕಾಲದಲ್ಲೋ ಗುಜರಿಗೆ ಹೋಗಿದೆ. ಉಳಿದಿರುವುದು ಒಂದೇ ಟೇಪಿನ ಸುರುಳಿ, ಅದು ನಮ್ಮ ಮನೆಯಲ್ಲಿದೆ. ಅದನ್ನು ‘ತಕ್ಷಣ’ ಕಳಿಸಬೇಕು. ‘ತಕ್ಷಣ’ದ ಕೆಳಗೆ ಎರಡು ಗೆರೆ.

ಕಳಿಸುತ್ತೇನೆ, ಒಂದು ಷರತ್ತಿನ ಮೇಲೆ. ಷರತ್ತು ಹೇಳುವ ಮೊದಲು ನಿಮ್ಮ ಜೀವನಚರಿತ್ರೆಯನ್ನು ಒಮ್ಮೆ ನನ್ನ ಕೈಬರಹದಲ್ಲಿ ಓದಿಕೊಳ್ಳಿ. ಪತ್ರಿಕೆಗಳಲ್ಲಿ ಬಂದದ್ದು ನೀವು ಹೇಳಿದ್ದು. ಇದು ನಾವು ಕಂಡದ್ದು.

ನೀವು ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು ಮಾತು ನೆನಪಿಸುವವರಾಗಿದ್ದಿರಿ. ಒಂದು ದಿನ ನಾಯಕನ ಗಂಟಲು ಕಟ್ಟಿತು. ನೀವು ಹಿಂದಿನಿಂದ ಮಾತಾಡಿದಿರಿ, ಅವನು ಮುಂದೆ ಬಾಯಾಡಿಸಿದ. ಜನ ಚಪ್ಪಾಳೆ ಹೊಡೆದದ್ದು ಬಾಯಾಡಿಸಿದವನಿಗೆ. ನಿಮ್ಮ ಬಾಳಿನ ಮೊದಲ ಗಾಯ ಅದು ಎಂದು ಎಲ್ಲ ಸಂದರ್ಶನಗಳಲ್ಲೂ ಹೇಳುತ್ತೀರಿ. ‘ನನ್ನ ದನಿಗೆ ಇನ್ನೊಬ್ಬನ ಹೆಸರು!’ ಎನ್ನುವಾಗ ನಿಮ್ಮ ಕೈ ಎದೆಗೆ ಹೋಗುತ್ತದಂತೆ. ಆ ಗಾಯವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಆಮೇಲೆ ರೇಡಿಯೋ. ಆಗೆಲ್ಲ ನಾಟಕ ನೇರ ಪ್ರಸಾರ. ಗೋಡೆಗೆ ಕಂಬಳಿ ಹೊಡೆದ ಕೋಣೆ, ನಡುವೆ ಒಂದೇ ಮೈಕು, ಅದರ ಸುತ್ತ ಎಂಟು ಹತ್ತು ಜನ ಭುಜಕ್ಕೆ ಭುಜ ತಾಗಿಸಿ. ಯಾರ ಕೈಯಲ್ಲೂ ಹೊಲಿದ ಪುಸ್ತಕ ಇರುತ್ತಿರಲಿಲ್ಲ, ಬಿಡಿ ಹಾಳೆಗಳು. ಓದಿ ಮುಗಿಸಿದ ಹಾಳೆಯನ್ನು ಮಗುಚಿದರೆ ಸರಕ್ ಅಂತ ಸದ್ದಾಗುತ್ತದೆಂದು ಮೆಲ್ಲಗೆ ರತ್ನಗಂಬಳಿಯ ಮೇಲೆ ಬಿಡುತ್ತಿದ್ದಿರಿ. ನಾಟಕ ಮುಗಿಯುವ ಹೊತ್ತಿಗೆ ಎಲ್ಲರೂ ಮೊಣಕಾಲುದ್ದ ಕಾಗದದಲ್ಲಿ ನಿಂತಿರುತ್ತಿದ್ದಿರಿ.

ಕೋಣೆಯ ಮೂಲೆಯಲ್ಲಿ ಅಮ್ಮ. ಒಂದು ತಟ್ಟೆ ಜಲ್ಲಿ, ಒಂದು ತಟ್ಟೆ ಮರಳು, ಚೌಕಟ್ಟಿನ ಸಮೇತ ಒಂದು ಗಿಡ್ಡ ಬಾಗಿಲು, ಗುಡುಗಿಗೆ ಒಂದು ತಗಡು. ಎಲ್ಲ ಪಾತ್ರಗಳ ನಡಿಗೆಯೂ ಅವಳದೇ, ಅದಕ್ಕೆ ಅವಳನ್ನು ಅಲ್ಲಿ ಎಲ್ಲರೂ ‘ಹೆಜ್ಜೆಯಮ್ಮ’ ಅನ್ನುತ್ತಿದ್ದದ್ದು. ಸೇನಾಪತಿಯಾಗಿ, ಸನ್ಯಾಸಿಯಾಗಿ, ಸಾಹುಕಾರನಾಗಿ ನೀವು ರೇಡಿಯೋದಲ್ಲಿ ನಡೆದ ಒಂದೊಂದು ಹೆಜ್ಜೆಯೂ ಅಮ್ಮನ ಕಾಲು. ನೀವು ಒಂದೇ ಜಾಗದಲ್ಲಿ ನಿಂತಿದ್ದಿರಿ. ಈಗಲೂ ಅಲ್ಲೇ ನಿಂತಿದ್ದೀರಿ.

ಇನ್ನು ಆ ನಾಟಕ. ಮನೆ ಬಿಟ್ಟು ಹೋದ ಯಜಮಾನ ಇಪ್ಪತ್ತು ವರ್ಷದ ಮೇಲೆ ಬರುತ್ತಾನೆ. ಮನೆಯಲ್ಲಿ ಸಾಯುತ್ತ ಮಲಗಿದ ತಮ್ಮ, ಒಬ್ಬಳು ಮುದುಕಿ ಕೆಲಸದಾಕೆ. ಯಜಮಾನ ನೀವು. ಕೆಲಸದಾಕೆಗೆ ಎರಡೇ ಮಾತು: ‘ಬಾಗಿಲು ತೆರೆದಿದೆ, ಬನ್ನಿ’, ‘ದೀಪ ತರಲಾ?’ ಎರಡು ಮಾತಿಗೆ ಬೇರೆ ಕಲಾವಿದೆ ಯಾಕೆಂದು ಅದನ್ನೂ ಅಮ್ಮನಿಗೇ ಅಂಟಿಸಿದ್ದರು.

ಕೊನೆಯ ದೃಶ್ಯದಲ್ಲಿ ನೀವು ‘ನಾನು ಯಾಕೆ ಬಂದೆ ಗೊತ್ತಾ?’ ಅನ್ನುತ್ತೀರಿ. ಆಮೇಲೆ ಸುರುಳಿಯಲ್ಲಿ ಏನೂ ಇಲ್ಲ. ನಾಲ್ಕು ಸೆಕೆಂಡು. ಕೈಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ಆಗ ಮುದುಕಿಯ ದನಿ ಬರುತ್ತದೆ: ‘ಯಾಕೆ ಬಂದ್ರಿ ಅಂತ ನಾನು ಹೇಳ್ತೀನಿ, ಕೂತ್ಕೊಳ್ಳಿ. ಹೊರಗೆಲ್ಲ ಚಪ್ಪಾಳೆ ಕೇಳಿ ಕೇಳಿ ನಿಮ್ಮ ಕಿವಿ ತುಂಬಿದೆ. ಕೇಳೋರಿಲ್ಲದ ಮನೇಲಿ ನಿಮ್ಮ ದನಿ ಹೇಗಿರುತ್ತೆ ಅಂತ ನೋಡೋಕೆ ಬಂದಿದೀರಿ.’ ಹೀಗೆ ಒಂದೂವರೆ ನಿಮಿಷ. ಆಮೇಲೆ ನೀವು ಸಾವರಿಸಿಕೊಂಡು ‘ಹಾಗಾದರೆ ಕ್ಷಮಿಸಿದೆಯಾ?’ ಎನ್ನುತ್ತೀರಿ. ನಾಟಕ ಗೆದ್ದಿತು. ಮೂಟೆಗಟ್ಟಲೆ ಪತ್ರ ಬಂದವು. ಆ ನಾಟಕ ಕೇಳಿಯೇ ನಿಮ್ಮನ್ನು ಸಿನಿಮಾಕ್ಕೆ ಕರೆದದ್ದು.

ಆ ಮಾತುಗಳ ಬಗ್ಗೆ ನೀವು ನಲವತ್ತನಾಲ್ಕು ವರ್ಷದಿಂದ ಹೇಳುತ್ತ ಬಂದದ್ದು ಹೀಗೆ: ನಾಟಕ ಮೊಟಕಾಗಿದೆ ಅನ್ನಿಸಿ, ನಿಂತ ನಿಲುವಿನಲ್ಲೇ ಹಾಳೆಯ ಹಿಂದೆ ಹನ್ನೆರಡು ಸಾಲು ಗೀಚಿ, ‘ಪಕ್ಕದಲ್ಲಿದ್ದ ಸಣ್ಣ ಕಲಾವಿದೆಯೊಬ್ಬರ’ ಕೈಗೆ ತುರುಕಿದಿರಿ. ಸಂತೋಷ. ನಾಲ್ಕು ಸೆಕೆಂಡಿನಲ್ಲಿ ಹನ್ನೆರಡು ಸಾಲು ಬರೆದ ಕೈ ಮೂವತ್ತು ವರ್ಷದಲ್ಲಿ ಮಗಳಿಗೆ ಹನ್ನೆರಡು ಪತ್ರ ಬರೆಯಲಿಲ್ಲ.

ನಿಜ ಏನೆಂದು ನನಗೆ ಹೇಳಿದವರು ಗಾಜಿನ ಮಾವ. ಗಾಜಿನ ಆಚೆ ಕೂತು ಅಂದಿನ ನಾಟಕವನ್ನು ಟೇಪಿಗೆ ಹಿಡಿದವರು, ಕೇಂದ್ರದವರು ಹಳೆಯದನ್ನೆಲ್ಲ ಎಸೆಯುವಾಗ ಸುರುಳಿಯನ್ನು ಅಮ್ಮನಿಗೆ ತಂದುಕೊಟ್ಟವರು. ಅವರೆಂದರು: ‘ನಿಮ್ಮಪ್ಪ ಎರಡು ಹಾಳೆ ಒಟ್ಟಿಗೆ ಬಿಟ್ಟುಬಿಟ್ಟಿದ್ರು ಕಣಮ್ಮ. ಬಿಳಿಚಿಕೊಂಡು ನಿಂತಿದ್ರು, ಗೋಡೆಗೆ ಸುಣ್ಣ ಹೊಡೆದ ಹಾಗೆ. ನಿಮ್ಮಮ್ಮ ಜಲ್ಲಿ ತಟ್ಟೆಯಿಂದ ಇಳಿದು ಬರಿಗಾಲಲ್ಲಿ ಮೈಕಿಗೆ ಬಂದ್ಲು. ಕೈಯಲ್ಲಿ ಒಂದು ಚೂರು ಕಾಗದ ಇರಲಿಲ್ಲ.’

ಮೂರು ತಿಂಗಳಲ್ಲಿ ಅಮ್ಮನನ್ನು ಕೇಂದ್ರದವರು ಕರೆಯುವುದು ನಿಂತಿತು. ಯಾರು ನಿಲ್ಲಿಸಿದರೆಂದು ಗಾಜಿನ ಮಾವ ಹೇಳಲಿಲ್ಲ. ಅವರು ಕೆಮ್ಮಿದರು.

ಆಮೇಲೆ ನಿಮ್ಮ ಸಿನಿಮಾ. ನೂರಾ ಹನ್ನೊಂದು ಚಿತ್ರ, ತೊಂಬತ್ತೆರಡು ಸಾವು. ಗುಂಡಿಗೆ, ಕತ್ತಿಗೆ, ಕುದುರೆ ಕಾಲಿಗೆ, ಒಮ್ಮೆ ಗಡಿಯಾರ ಗೋಪುರದಿಂದ. ಅಮ್ಮ ನನ್ನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತು ನಿಮ್ಮ ಸಾವು ತೋರಿಸುತ್ತಿದ್ದಳು. ನೀವು ಖಳನಾಯಕ, ಬಿದ್ದಾಗ ಚಿತ್ರಮಂದಿರವೆಲ್ಲ ಚಪ್ಪಾಳೆ. ಏಳು ವರ್ಷದ ನಾನೂ ಹೊಡೆದೆ. ಅಮ್ಮ ತೊಡೆ ಚಿವುಟಿದಳು. ಅಜ್ಜಿ, ನಿಮ್ಮ ಹೆತ್ತ ತಾಯಿ, ತೀರಿಕೊಂಡಾಗ ತಂತಿ ಕೊಟ್ಟೆವು. ನಿಮಗೆ ಬರಲಾಗಲಿಲ್ಲ, ಸೆಟ್ಟಿನಲ್ಲಿ ನಿಮ್ಮದೇ ಸಾವು ನಡೆಯುತ್ತಿತ್ತು. ನನಗೆ ಒಂಬತ್ತಾದಾಗ ಚಿತ್ರನಗರದಲ್ಲಿ ಇನ್ನೊಂದು ಮನೆ ಮಾಡಿದಿರಿ. ಬಣ್ಣದ ಚಿತ್ರ ಬಂದವು, ನಿಮ್ಮ ಹುಬ್ಬು ನೋಡಿ ಜನ ನಗತೊಡಗಿದರು. ಕೊನೆಗೆ ಹಲ್ಲುಪುಡಿಯ ಜಾಹೀರಾತಿಗೆ ದನಿ ಕೊಟ್ಟಿರಿ. ಅದನ್ನು ಕೇಳಿದ ದಿನ ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ದನಿ ದೊಡ್ಡದು, ಮನ ಗಿಡ್ಡದು, ಹಲ್ಲಿಗೆ ಬಂದು ಬಿದ್ದದ್ದು. ಈ ಪ್ರಾಸ ನನ್ನದೇ, ನನ್ನ ಹೆಸರು ಹಾಕಿಯೇ ಬಳಸಿ.

ಷರತ್ತು ಇದು. ಮುನ್ನುಡಿಯಲ್ಲಿ ನಿಮ್ಮ ಬಾಯಿಂದಲೇ ಮೂರು ಸಂಗತಿ ಬರಬೇಕು. ಹಾಳೆ ತಪ್ಪಿದ್ದು ನೀವು. ಮಾತು ಹುಟ್ಟಿಸಿದ್ದು ಅಮ್ಮ. ಅವಳ ಹೆಸರು ಇಂಥದ್ದು. ‘ಮತ್ತು ಇತರರು’ ಎಂದಿರೋ, ಸುರುಳಿ ನಮ್ಮ ಒಲೆಗೆ ಹೋಗುತ್ತದೆ. ಚೆನ್ನಾಗಿ ಉರಿಯುತ್ತದಂತೆ.

ಇತಿ, ಚಪ್ಪಾಳೆ ನಿಲ್ಲಿಸಿದ
ನಿಮ್ಮ ಮಗಳು


ಫೆಬ್ರವರಿ ೧೭

ನನ್ನ ಅತ್ಯಂತ ನಿರ್ದಯ ಪ್ರೇಕ್ಷಕಿಯಾದ ಮಗಳೇ,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದೆ. ಚೆನ್ನಾಗಿದೆ. ಉಸಿರಾಡಲು ಜಾಗ ಬಿಟ್ಟಿಲ್ಲ, ಅದೊಂದು ದೋಷ. ಪ್ರಾಸ ಜಾಸ್ತಿ. ಪ್ರಾಸ ಬಂದ ಕಡೆ ಸಿಟ್ಟು ಆಗಲೇ ಅರ್ಧ ನಟನೆಯಾಗಿರುತ್ತದೆ. ಅರವತ್ತು ವರ್ಷ ಸುಳ್ಳು ಸಿಟ್ಟು ಮಾಡಿದವನ ಮಾತು, ಬೇಕಾದರೆ ತೆಗೆದುಕೋ.

ಒಲೆಯ ಬೆದರಿಕೆ ನನ್ನ ಐವತ್ತೆಂಟನೆಯ ಚಿತ್ರದಲ್ಲಿ ನಾನೇ ಹಾಕಿದ್ದೇನೆ. ಅದು ಫಲಿಸಲಿಲ್ಲ. ನಿನ್ನದು ಫಲಿಸಬಹುದು, ಯಾಕೆಂದರೆ ನಿನ್ನ ಹತ್ತಿರ ನಿಜವಾಗಿ ಒಲೆ ಇದೆ.

ನಾಲ್ಕು ಸೆಕೆಂಡು ಅಂದೆ. ನೀನು ಅದನ್ನು ಗಡಿಯಾರದಲ್ಲಿ ನೋಡಿದವಳು. ನಾನು ಅದರೊಳಗೆ ನಿಂತಿದ್ದೆ. ಮೈಕಿನಾಚೆ ಸಾವಿರಾರು ಮನೆ, ನನ್ನ ಬಾಯಲ್ಲಿ ಒಂದಕ್ಷರ ಇಲ್ಲ. ಆಗ ಅವಳು ಬಂದು ನನ್ನನ್ನು ಉಳಿಸಿದಳು. ಇನ್ನೊಬ್ಬರಿಂದ ಉಳಿದುಕೊಂಡವನು ತನ್ನನ್ನು ಉಳಿಸಿದವರ ಮುಖ ದಿನಾ ಹೇಗೆ ನೋಡಬೇಕೆಂದು ನಿನಗೆ ಗೊತ್ತಿಲ್ಲ, ನಿನ್ನನ್ನು ಯಾರೂ ಉಳಿಸಿಲ್ಲ. ಅಲ್ಲಿಂದ ಮುಂದೆ ಅವಳು ಆ ಮೂಲೆಯಲ್ಲಿದ್ದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಯಾವಾಗ ನಿಲ್ಲುತ್ತೇನೋ, ಯಾವಾಗ ಅವಳು ಜಲ್ಲಿಯಿಂದ ಇಳಿಯುತ್ತಾಳೋ ಎಂದು ಕಾಯುತ್ತಿದ್ದೆ. ಹೌದು, ಅವಳನ್ನು ಇನ್ನು ಕರೆಯಬೇಡಿ ಎಂದು ಕೇಂದ್ರದವರಿಗೆ ಹೇಳಿದವನು ನಾನೇ. ಕೆಮ್ಮುವ ಅಗತ್ಯ ನನಗಿಲ್ಲ.

ನೀನು ಕೇಳಿದ್ದನ್ನು ಹೇಳುತ್ತೇನೆ. ಆದರೆ ಮೊದಲು ನಿನ್ನ ತಾಯಿಯನ್ನು ಒಂದು ಮಾತು ಕೇಳು, ಇದು ಹೊರಗೆ ಬರುವುದು ಅವಳಿಗೆ ಬೇಕೋ ಬೇಡವೋ ಅಂತ. ಅವಳು ಹೂಂ ಅಂದರೆ ನೀನು ಬರೆದುಕೊಟ್ಟದ್ದನ್ನು ಅಕ್ಷರ ಬಿಡದೆ ಓದುತ್ತೇನೆ. ಊಹೂಂ ಅಂದರೆ ನೀನು ಸುರುಳಿ ಸುಟ್ಟುಕೋ, ನಾನು ಸನ್ಮಾನ ಬಿಡುತ್ತೇನೆ.

ನಿನ್ನ ಅಪ್ಪ
(ಈ ಪಾತ್ರದಿಂದ ನನ್ನನ್ನು ಯಾರೂ ತೆಗೆದು ಹಾಕಿಲ್ಲ, ನಾನೇ ತಾಲೀಮಿಗೆ ಹೋಗಲಿಲ್ಲ)


ಫೆಬ್ರವರಿ ೨೧

ಮಾನ್ಯರೇ,

ಅಮ್ಮನನ್ನು ಕೇಳಿದೆ. ಹೂಂ ಅಂದಳು.

ಸುರುಳಿಯನ್ನು ನಾನೇ ಕೇಂದ್ರಕ್ಕೆ ಕೊಂಡುಹೋಗಿ ಕೊಟ್ಟು ರಸೀತಿ ಪಡೆದಿದ್ದೇನೆ. ಓದಬೇಕಾದ ಮಾತನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೊದಲ ವಾಕ್ಯ: ‘ಆ ದಿನ ನಾನು ಎರಡು ಹಾಳೆ ಒಟ್ಟಿಗೆ ಬಿಟ್ಟು ತಪ್ಪು ಮಾಡಿದೆ.’ ಉಸಿರಾಡಲು ಎಲ್ಲೆಲ್ಲಿ ಜಾಗ ಎಂದು ಗುರುತು ಹಾಕಿದ್ದೇನೆ. ಸೇರಿಸಬೇಡಿ, ಬಿಡಬೇಡಿ, ಬಿಕ್ಕಬೇಡಿ.

ಇತಿ,
ಕರಡು ತಿದ್ದುವವಳು


ಭಾನುವಾರ, ಮಾರ್ಚ್ ೯

ಸನ್ಮಾನಿತರೇ,

ನಿನ್ನೆ ಸಂಜೆ ಆರೂವರೆಗೆ ಕೇಳಿದೆವು. ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ, ಅದರ ಮುಂದೆ ಅಮ್ಮ, ನಾನು, ಪಕ್ಕದ ಮನೆಯ ಟೈಲರಮ್ಮ. ಅಮ್ಮನಿಗೆ ‘ಹಳೆ ನಾಟಕ ಬರುತ್ತೆ’ ಎಂದಷ್ಟೇ ಹೇಳಿದ್ದೆ. ಟೈಲರಮ್ಮ ಕಾಜಾ ಹೊಲಿಯಲು ಮೂರು ಅಂಗಿ ತಂದಿದ್ದರು, ಒಂದಕ್ಕೂ ಸೂಜಿ ತಾಗಿಸಲಿಲ್ಲ.

ಅಕ್ಷರ ಬಿಡದೆ ಓದಿದಿರಿ, ಅದು ನಿಜ. ಒಂದು ಪದ ಸೇರಿಸಲಿಲ್ಲ. ಆದರೆ ‘ತಪ್ಪು’ ಎಂಬ ಪದಕ್ಕೆ ಮೊದಲು ನಿಲ್ಲಿಸಿದಿರಲ್ಲ, ಆ ನಿಲುಗಡೆ ನನ್ನ ಹಾಳೆಯಲ್ಲಿ ಇರಲಿಲ್ಲ. ಅದು ಗಡಿಯಾರ ಗೋಪುರದ್ದು. ಬೀಳುವ ಮೊದಲು ನಾಯಕನ ಮುಖ ನೋಡಿ ನಿಲ್ಲಿಸಿದ್ದಿರಿ. ಅಮ್ಮನ ಹೆಸರು ಬಂದಾಗ ಗಂಟಲು ಒಡೆಯಿತು, ಸರಿಯಾಗಿ ನಡುವಿನ ಅಕ್ಷರಕ್ಕೆ. ಬಿಕ್ಕಬೇಡಿ ಎಂದಿದ್ದೆ. ನೀವು ಬಿಕ್ಕಲಿಲ್ಲ, ಬಿಕ್ಕನ್ನು ತಡೆದುಕೊಂಡಿರಿ. ಅದು ಇನ್ನೂ ದುಬಾರಿ ಮಾಲು.

ಟೈಲರಮ್ಮ ಸೆರಗಲ್ಲಿ ಮೂಗೊರೆಸಿಕೊಂಡು ಅಂದರು: ‘ಎಂಥಾ ದೊಡ್ಡ ಮನುಷ್ಯ ರೀ! ಈ ವಯಸ್ಸಲ್ಲಿ ತಪ್ಪು ಒಪ್ಪಿಕೊಳ್ಳೋದು ಅಂದ್ರೆ ಸುಮ್ನೆ ಅಲ್ಲ. ನನ್ನ ಗಂಡ ಕುರ್ಚಿ ಮುರಿದಿದ್ದನ್ನೇ ಇನ್ನೂ ಒಪ್ಪಿಕೊಂಡಿಲ್ಲ.’ ಇವತ್ತಿನ ಪತ್ರಿಕೆಯಲ್ಲಿ ನಿಮ್ಮ ಚಿತ್ರ, ಮೇಲೆ ‘ಹಿರಿಯ ಜೀವದ ಹಿರಿಮೆ’. ಅಮ್ಮ ಎಂಟನೆಯ ಸಾಲಿನಲ್ಲಿ ‘ಸಹಕಲಾವಿದೆ’. ಅಚ್ಚುಕೂಟದ ಮ್ಯಾನೇಜರ್ ಬೆಳಿಗ್ಗೆ ಮನೆಗೇ ಬಂದು ನನ್ನ ಕೈಕುಲುಕಿ, ಇಂಥ ತಂದೆಯ ಮಗಳು ನಮ್ಮಲ್ಲಿದ್ದೀರಿ ಅಂತ ಗೊತ್ತೇ ಇರಲಿಲ್ಲ ಎಂದರು. ಇಪ್ಪತ್ತೆರಡು ವರ್ಷ ಬಚ್ಚಿಟ್ಟ ಗುಟ್ಟು ಅದು.

ಹೆಸರಿದ್ದವರಿಗೆ ಹಾರ, ಇಲ್ಲದವರಿಗೆ ಭಾರ. ಅವಳಿಗೆ ಸಲ್ಲಬೇಕಾದ್ದನ್ನು ನಿಮ್ಮ ಕೈಯಿಂದ ಕಿತ್ತು ಕೊಡಿಸಿದೆ ಎಂದುಕೊಂಡಿದ್ದೆ. ಕೊಡುವಾಗಲೂ ಪಡೆದವರು ನೀವೇ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿ. ‘ಎರಡು ಹಾಳೆ ಒಟ್ಟಿಗೆ ಬಿಟ್ಟೆ’ ಎಂದು ನೀವು ಹೇಳುತ್ತಿದ್ದ ಹಾಗೆ ಅಮ್ಮ ಎದ್ದಳು. ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತಳು. ನಲವತ್ತನಾಲ್ಕು ವರ್ಷದ ಮೇಲೆ ಅವಳ ದನಿ ಗಾಳಿಗೆ ಬಂದಾಗ ಕೇಳಲು ಅವಳು ಕೋಣೆಯಲ್ಲಿರಲಿಲ್ಲ. ಕರೆದೆ. ಬರಲಿಲ್ಲ. ರಾತ್ರಿ ಊಟ ಮಾಡಲಿಲ್ಲ, ನನ್ನ ಜೊತೆ ಮಾತೂ ಇಲ್ಲ. ನಿಮ್ಮ ನಾಟಕ ನೋಡಿ ನೋಡಿ ದಣಿದ ಜೀವಕ್ಕೆ ಇದೊಂದು ತೊಂಬತ್ತಮೂರನೆಯ ಸಾವು ತೋರಿಸಿದಿರಿ.

ಇಲ್ಲಿಗೆ ನಮ್ಮ ವ್ಯವಹಾರ ಮುಗಿಯಿತು. ಸುರುಳಿಯನ್ನು ಕೇಂದ್ರದವರೇ ಇಟ್ಟುಕೊಳ್ಳಲಿ. ನೀವು ಬರೆಯಬೇಡಿ, ನಾನು ಓದುವುದಿಲ್ಲ.

ಇತಿ,
ಹಿರಿಯ ಜೀವದ ಮಗಳು

ಮತ್ತೊಂದು ಮಾತು, ಮಂಗಳವಾರ: ಭಾನುವಾರ ಅಂಚೆಗೆ ಹಾಕಲಾಗಲಿಲ್ಲ. ನಿನ್ನೆ ಹಾಕಲು ಹೊರಟಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತು ಬಾಯಿ ಬಿಟ್ಟಳು: ‘ಅವರ ಕೈಲಿ ಆ ಸುಳ್ಳು ಹೇಳಿಸಿದ್ದು ನೀನೇನಾ?’

ನಾನು ಅವಳನ್ನು ಕೇಳಿರಲಿಲ್ಲ. ಹೂಂ ಎಂದದ್ದು ನಾನು. ಸುರುಳಿಯನ್ನೂ ಅವಳಿಗೆ ಹೇಳದೆ ಅವಳ ಪೆಟ್ಟಿಗೆಯಿಂದ ತೆಗೆದದ್ದು.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನೀವು ಎರಡು ಹಾಳೆ ಬಿಟ್ಟಿರಲಿಲ್ಲ. ನಿಮ್ಮ ಕೈಯಲ್ಲಿ ಆ ಹಾಳೆಯೇ ಇರಲಿಲ್ಲ. ನಾಟಕ ಬರೆದವರು ಅಂದು ಮಧ್ಯಾಹ್ನ ಕೊನೆಯ ದೃಶ್ಯ ಬದಲಾಯಿಸಿದ್ದು, ಪ್ರತಿ ಮಾಡುವ ಕೆಲಸವೂ ಅಮ್ಮನದೇ ಆಗಿದ್ದು, ಕನ್ನಡಕ ಹಾಕಿಕೊಳ್ಳಲು ನಾಚುತ್ತಿದ್ದ ನಿಮಗೆ ಮಾತ್ರ ದಪ್ಪಕ್ಷರದಲ್ಲಿ ಬೇರೆ ಬರೆಯುತ್ತಿದ್ದದ್ದು, ನಡುವೆ ಯಾರೋ ಸದ್ದಿನ ಗಿಡ್ಡ ಬಾಗಿಲ ಕೀಲು ಕಿರುಗುಟ್ಟುತ್ತಿಲ್ಲ ಎಂದು ಕರೆದದ್ದು, ಎದ್ದು ಹೋಗಿ ಬಂದವಳು ನಿಮ್ಮ ಪ್ರತಿಯಲ್ಲಿ ಒಂದು ಹಾಳೆ ಹಾರಿಸಿ ಮುಂದಿನದರಿಂದ ಬರೆದದ್ದು, ಎಲ್ಲ ಅವಳೇ ಹೇಳಿದಳು. ನೀವು ನಿಂತುಬಿಟ್ಟಾಗ ಏನಾಗಿದೆ ಎಂದು ಆ ಕೋಣೆಯಲ್ಲಿ ಗೊತ್ತಾದದ್ದು ಅವಳೊಬ್ಬಳಿಗೇ.

ಮನೆಗೆ ನಡೆದು ಬರುವಾಗ ನೀವೇ ಅಂದಿರಂತೆ: ‘ಹಾಳೆ ವಿಷಯ ನಾನು ಎತ್ತಲ್ಲ. ಮಾತಿನ ವಿಷಯ ನೀನು ಎತ್ತಬೇಡ.’ ಅವಳ ಪಾಲಿಗೆ ಬಂದದ್ದು ಮೂರು ತಿಂಗಳ ಕೆಲಸ, ನಿಮ್ಮ ಪಾಲಿಗೆ ನಲವತ್ತನಾಲ್ಕು ವರ್ಷದ ಹೆಸರು. ಒಳ್ಳೆಯ ಒಪ್ಪಂದ. ಹಾಗಾಗಿ ಮೇಲೆ ಬರೆದದ್ದರಲ್ಲಿ ಮುಕ್ಕಾಲನ್ನು ಹೊಡೆದು ಹಾಕುವುದಿಲ್ಲ.

ಆದರೆ ನಾನು ಬರೆದುಕೊಟ್ಟ ಮೊದಲ ವಾಕ್ಯ ಸುಳ್ಳೆಂದು ನಿಮಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ನೀವು ಹೇಳಲಿಲ್ಲ, ಓದಿದಿರಿ. ‘ತಪ್ಪು’ ಎಂಬ ಪದದ ಮೊದಲು ನಿಂತದ್ದು ಗೋಪುರದ ನಿಲುಗಡೆಯೋ ಬೇರೆಯೋ, ಈಗ ನನಗೆ ತಿಳಿಯುತ್ತಿಲ್ಲ.

ತಪ್ಪು ತನ್ನದೆಂದು ಕೇಂದ್ರಕ್ಕೆ ಬರೆಯಲು ಅಮ್ಮ ಕೂತಿದ್ದಾಳೆ. ಬೇಡವೆಂದರೂ ಕೇಳುತ್ತಿಲ್ಲ. ನಿಮಗೂ ಒಂದು ಪ್ರಶ್ನೆ ಬರೆ ಅಂದಳು: ‘ಈಗಲಾದ್ರೂ ಕನ್ನಡಕ ಹಾಕ್ಕೊಳ್ತಾರಾ ಕೇಳು.’

ಉತ್ತರ ಅವಳಿಗೆ ನೇರ ಬರೆಯಿರಿ. ದಪ್ಪಕ್ಷರದಲ್ಲಿ ಬರೆಯಿರಿ, ಅವಳ ಕಣ್ಣಿಗೂ ಈಗ ಮಂಜು.